ತಮ್ಮಾ, ಉಳಿದ ಫೋಟೋಗಳನ್ನು ಲ್ಯಾಮಿನೇಷನ್‌ಗೆ ಕೊಡಬೇಡ

ನಿನ್ನ ತಾತ ಬೆಂಗಳೂರು, ಮೈಸೂರು ರೇಸ್ ಕೋರ್ಸುಗಳಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವವರು) ಆಗಿದ್ದಾಗಿನ ಹತ್ತು ಫೋಟೋ ಲ್ಯಾಮಿನೇಷನ್ ಮಾಡಿಸಿದ್ದೇನೆ, ಉಳಿದವನ್ನು ಸೋಮವಾರ ಹಿರಿಯೂರಲ್ಲಿ ಕೊಡುತ್ತೇನೆ ಅಂತ ನಮ್ಮ ಗುಂಪಲ್ಲಿ ಬರೆದಿದ್ದೀಯ. ಕೆಳಗೆ ಎಲ್ಲರೂ ‘ಸೂಪರ್’ ಅಂದಿದ್ದಾರೆ. ಒಬ್ಬರಾದರೂ ಬೇಡ ಅನ್ನಬಾರದಿತ್ತಾ?

ನಾನು ಇದೇ ಕೆಲಸ ಮಾಡಿ ಕಳೆದುಕೊಂಡವನು. ನಮ್ಮಪ್ಪನೂ ಸೈಸ್. ಮೈಸೂರಲ್ಲಿ ಗೆದ್ದ ಕುದುರೆಯನ್ನು ಅಪ್ಪ ಹಿಡಿದುಕೊಂಡು ಬರುವ ಒಂದು ಫೋಟೋ ಇತ್ತು. ಕುದುರೆಯ ಎದೆ ಮೇಲೆ ಬೆವರಿನ ನೊರೆ. ಜಾಕಿ ಬಗ್ಗಿ ಅದರ ಕುತ್ತಿಗೆ ತಟ್ಟುತ್ತಿದ್ದಾನೆ. ಅಪ್ಪ ಕ್ಯಾಮೆರಾ ಕಡೆ ನೋಡೇ ಇಲ್ಲ, ಕುದುರೆ ಕಾಲು ನೋಡುತ್ತಿದ್ದಾರೆ. ಹಿಂದೆ ಇಂಕ್ ಪೆನ್ನಲ್ಲಿ ನಾಲ್ಕು ಸಾಲು ಬರೆದಿದ್ದರು. ಅದನ್ನು ಓದಿ ಬರೆದಿಟ್ಟುಕೊಳ್ಳದೆ ದಾವಣಗೆರೆಯ ಒಂದು ಅಂಗಡಿಗೆ ಕೊಟ್ಟೆ. ಗಟ್ಟಿ ಇರಲಿ ಅಂತ ಅವರು ಹಲಗೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಹಾಕಿಕೊಟ್ಟರು. ಆಮೇಲೆ ಬಿಡಿಸಲು ಹೋದೆ. ಜೀನಿನ ಕೆಳಗಿನ ನಂಬರ್ ಬಟ್ಟೆ ಹತ್ತಿರವೇ ಫೋಟೋ ಹರಿಯಿತು. ‘ಮಳೆ, ಮೂರನೇ ರೇಸು’ ಅಂತ ಮೊದಲ ಸಾಲು ಅಮ್ಮನಿಗೆ ನೆನಪಿದೆ. ಕುದುರೆ ಹೆಸರು ಹೋಯಿತು.

ಇದು ಯಾಕೆ ಇಷ್ಟು ಮುಖ್ಯ ಗೊತ್ತಾ? ಮೈಸೂರು ರೇಸ್ ಕ್ಲಬ್ಬು 1891ರದ್ದು. ಓನರ್, ಟ್ರೇನರ್, ಜಾಕಿ ಹೆಸರು ಆಯಾ ದಿನದ ರೇಸುಗಳ ವಿವರ ಇರುವ ರೇಸ್ ಬುಕ್ಕಿನಲ್ಲಿ ಸಿಗುತ್ತದೆ. ಬೆಳಗಿನ ಜಾವ ಎದ್ದು ಮಾಲೀಶು ಮಾಡಿದವನ ಹೆಸರು ಅದರಲ್ಲಿ ಬರುವುದಿಲ್ಲ. ಅದು ಇರುವುದು ನಮ್ಮ ಮನೆ ಫೋಟೋಗಳ ಬೆನ್ನ ಮೇಲೆ ಮಾತ್ರ.

ಆಗಿರುವ ಹತ್ತನ್ನು ಬಿಡಿಸಲು ಹೋಗಬೇಡ. ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿಂದ ಕ್ಯಾಮೆರಾದಲ್ಲಿ ತೆಗೆದಿಟ್ಟುಕೋ. ಉಳಿದವಕ್ಕೆ ಮೊದಲು ಬೆನ್ನು ಸ್ಕ್ಯಾನ್ ಮಾಡು, ಆಮೇಲೆ ಮುಖ. ಸೂಕ್ಷ್ಮತೆ 600 ಡಿಪಿಐ ಇದ್ದರೆ ಸಾಕು, ಬೆಂಕಿಪೊಟ್ಟಣದಷ್ಟು ಚಿಕ್ಕದಿದ್ದರೆ 1200. ಟಿಫ್ ಅನ್ನುವ ಫೈಲ್ ರೂಪದಲ್ಲಿ ಉಳಿಸು. ನನಗೆ ಗಾಜಿನ ಮೇಲೆ ಫೋಟೋ ಇಡುವ ಎಪ್ಸನ್ನಿನ ಹಳೇ ಫ್ಲ್ಯಾಟ್‌ಬೆಡ್ ಚೆನ್ನಾಗಿ ಬಂದಿದೆ. ಕಾಗದ ಎಳೆದುಕೊಳ್ಳುವ ಸ್ಕ್ಯಾನರ್‌ಗೆ ಹಳೇ ಫೋಟೋ ಕೊಡಲೇಬೇಡ. ಫೋನಿನ ಆ್ಯಪ್‌ಗಳು ಮುಖವನ್ನು ಸುಮ್ನೆ ನುಣ್ಣಗೆ ಮಾಡಿಬಿಡುತ್ತವೆ. ಗುಂಪಿಗೆ ಹಾಕುವಾಗ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು, ಇಲ್ಲದಿದ್ದರೆ ಕುದುರೆ ಮೇಲಿನ ನಂಬರ್ ಮಸುಕಾಗುತ್ತದೆ.

ಆ ನಂಬರೇ ಬೀಗದ ಕೈ. ತಾತನ ಟ್ರಂಕಿನಲ್ಲಿ ರೇಸ್ ಬುಕ್ ಇದ್ದರೆ ರದ್ದಿಗೆ ಹಾಕಬೇಡ. ಆ ದಿನದ ಬುಕ್ಕಿನಲ್ಲಿ ನಂಬರ್ ಎದುರು ಕುದುರೆ, ಅದು ಹೊರುವ ತೂಕ, ಜಾಕಿ, ಅವನ ಅಂಗಿಯ ಓನರ್ ಬಣ್ಣ ಎಲ್ಲ ಇರುತ್ತದೆ. ಪೆನ್ಸಿಲ್‌ನಲ್ಲಿ ಗೆದ್ದವರಿಗೆ ಟಿಕ್ ಹಾಕಿರುತ್ತಾರೆ, ಅದನ್ನು ಕೊಳಕು ಅಂತ ಅಳಿಸಬೇಡ. ತುಕ್ಕು ಹಿಡಿದ ಪಿನ್ನು ಮಾತ್ರ ನಿಧಾನಕ್ಕೆ ತೆಗೆ. ಫೋಟೋದಲ್ಲಿ ಹಿಂದೆ ಚಾಮುಂಡಿ ಬೆಟ್ಟ ಕಂಡರೆ ಮೈಸೂರು. ಕುದುರೆ ಹೆಸರು ಸಿಕ್ಕರೂ ಅಲ್ಲಿಗೇ ನಿಲ್ಲಿಸಬೇಡ, ಒಂದೇ ಹೆಸರನ್ನು ವರ್ಷಗಳಾದ ಮೇಲೆ ಬೇರೆ ಕುದುರೆಗೂ ಇಡುತ್ತಾರೆ. ಅದರ ಅಪ್ಪ, ಅಮ್ಮನ ಹೆಸರೂ ಬರೆದುಕೋ. ಕುದುರೆಗಳ ವಂಶಾವಳಿ ಇರುವ ಪುಣೆಯ ಸ್ಟಡ್ ಬುಕ್ಕಿನಲ್ಲಿ ತಾಳೆ ನೋಡಬಹುದು.

ಕಪ್ಪು ಬಿಳುಪು ಫೋಟೋಗೆ ಎಐನಿಂದ ಬಣ್ಣ ತುಂಬಿ ಹಂಚಬೇಡ. ಜಾಕಿ ಅಂಗಿಯ ಬಣ್ಣ ಅಂದರೆ ಓನರ್ ಗುರುತು. ಎಐ ಹಸಿರನ್ನು ಕೆಂಪು ಮಾಡಿದರೆ ನಾಳೆ ಅದೇ ನಿಜ ಅಂತ ಓಡಾಡುತ್ತದೆ. ನಮ್ಮ ಗುಂಪಲ್ಲೇ ಈಗಾಗಲೇ ಇಂಥವು ಎರಡು ಇವೆ, ಹಾಕಿದವರು ತೆಗೆಯಿರಿ.

ಅಂಟು ಹಾಳೆಯ ಆಲ್ಬಂ, ಸೆಲ್ಲೋಟೇಪು, ಫೆವಿಕಾಲ್ ಯಾವುದೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸುವುದಂತೂ ಬೇಡವೇ ಬೇಡ. ಒಂದೊಂದು ಫೋಟೋಗೆ ಒಂದೊಂದು ಕಾಗದದ ಕವರ್. ಮೊದಲು ಕವರ್ ಮೇಲೆ ಪೆನ್ಸಿಲ್‌ನಲ್ಲಿ ಬರೆ, ಆಮೇಲೆ ಫೋಟೋ ಒಳಗೆ ಹಾಕು. ಬಾಲ್ ಪೆನ್ ಒತ್ತು ಮುಖದ ಕಡೆ ಮೂಡುತ್ತದೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಶೀಟ್ ಮನೆಯ ಅಟ್ಟ ಒಲೆ ಇದ್ದಂಗೆ. ಒಳಕೋಣೆ ಬೀರುವಿನಲ್ಲಿಡು. ಗೋಡೆ ಒರತೆ ಇದ್ದರೆ ಅಲ್ಲೂ ಬೇಡ.

ಇನ್ನೊಂದು ಮಾತು. ತಾತನ ಜೊತೆಗಾರರು ಯಾರಾದರೂ ಇದ್ದರೆ ಇದಕ್ಕಿಂತ ಮೊದಲು ಅವರ ಹತ್ತಿರ ಹೋಗು. ಫೋಟೋ ಕೈಗೆ ಕೊಟ್ಟು ಫೋನಲ್ಲಿ ರೆಕಾರ್ಡ್ ಒತ್ತಿ ಸುಮ್ಮನೆ ಕೂತುಬಿಡು. ಲಾಯದಲ್ಲಿ ಕುದುರೆಯನ್ನು ಏನಂತ ಕರೆಯುತ್ತಿದ್ದಿರಿ ಅಂತ ಕೇಳು. ಬುಕ್ಕಿನ ಹೆಸರೇ ಬೇರೆ, ಸೈಸ್ ಕರೆಯುವ ಹೆಸರೇ ಬೇರೆ, ಅಲ್ವಾ? ನಮ್ಮಪ್ಪ ಆ ಕುದುರೆಯನ್ನು ‘ಗೌರಿ’ ಅನ್ನುತ್ತಿದ್ದರಂತೆ. ಅದೂ ಅಮ್ಮ ಹೇಳಿದ್ದೇ.

ಸೋಮವಾರ ಅಂಗಡಿಗೆ ಹೋಗುವ ಬದಲು ಬಸ್ ಹತ್ತಿ ದಾವಣಗೆರೆಗೆ ಬಾ. ನನ್ನ ಸ್ಕ್ಯಾನರ್ ಇದೆ, ಒಂದೇ ದಿನದಲ್ಲಿ ಮುಗಿಸೋಣ. ರೇಸ್ ಬುಕ್ ಇದ್ದರೆ ಮರೆಯದೆ ತಾ.