ಮೆಕ್ಕೆಜೋಳ ಒತ್ತಾಗಿ ಬಿತ್ತಿ ಡಿಎಪಿ ಜಾಸ್ತಿ ಕೊಟ್ರೆ ಇಳುವರಿ ಏರುತ್ತಾ?

ಸಾಲಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಇಟ್ಟು ಎಕರೆಗೆ 50 ಕೆಜಿದು ಎರಡು ಚೀಲ ಡಿಎಪಿ (ರಂಜಕ ಜಾಸ್ತಿ, ಸಾರಜನಕ ಕಮ್ಮಿ ಇರೋ ಗೊಬ್ಬರ) ಹಾಕಿದ್ರೆ ಸಾಕಾ ಅಂತ ಕೇಳಿದ್ದೀರಿ. ಕಾಳಿಗೆ ಬೆಳೆಯೋದಾದ್ರೆ ಖಂಡಿತ ಬೇಡ. ಆ ಅಂತರಕ್ಕೆ ಎಕರೆಗೆ ಹತ್ರ ಹತ್ರ 60,000 ಗಿಡ ಆಗುತ್ತೆ, ಹಸಿ ಮೇವಿಗೆ ಬೇಕಾದ್ರೆ ನಡೆಯುತ್ತೆ. 60-20 ಇಟ್ರೆ 33,000 ಚಿಲ್ಲರೆ, ನೀರಿರೋ ಜಮೀನಲ್ಲಿ ಒಳ್ಳೆ ಹೈಬ್ರಿಡ್‌ಗೆ ಇಷ್ಟು ಸಾಕು. ಬರೀ ಮಳೆ ನಂಬ್ಕೊಂಡಿದ್ರೆ, ಅದೂ ಮಣ್ಣು ತೆಳು ಇದ್ರೆ, 60-30ಕ್ಕೆ ಹೋಗಿ, 22,000 ಗಿಡ ಬರುತ್ತೆ.

ಒತ್ತಾದ್ರೆ ಆಗೋದೇನಂದ್ರೆ, ಮೇಲಿನ ಸೂಲಂಗಿ (ಪರಾಗ ಉದುರಿಸೋ ಗಂಡು ಹೂ) ಸರಿಯಾದ ಟೈಮಿಗೇ ಬರುತ್ತೆ ಆದ್ರೆ ತೆನೆಯ ಕೂದಲು ಹೊರಗೆ ಬರೋದು ತಡ ಆಗುತ್ತೆ, ಅಷ್ಟೊತ್ತಿಗೆ ಪರಾಗ ಉದುರಿ ಮುಗಿದಿರುತ್ತೆ. ಒಂದೊಂದು ಕೂದಲಿಗೂ ಒಂದೊಂದು ಕಾಳು, ಪರಾಗ ಬೀಳದ ಕೂದಲಿನ ಕಡೆ ಕಾಳೇ ಕಟ್ಟಲ್ಲ. ಸಿಪ್ಪೆ ಸುಲಿದಾಗ ತೆನೆ ತುದಿ ಬೋಳಾಗಿರುತ್ತಲ್ಲ, ಬಹಳಷ್ಟು ಸಲ ಅದು ಇದೇ ಕಾರಣಕ್ಕೆ, ಇಲ್ಲಾಂದ್ರೆ ಕಟ್ಟಿದ ಕಾಳಿಗೆ ಆಹಾರ ಸಾಲದೆ ಗಿಡವೇ ಕೈಬಿಟ್ಟಿರುತ್ತೆ. ಕೆಲವು ಗಿಡ ತೆನೆನೇ ಬಿಡಲ್ಲ, ಕಾಂಡ ಬೇರೆ ಸಣ್ಣ ಆಗಿ ಗಾಳಿ ಬಂದ್ರೆ ಮಲಗಿಬಿಡುತ್ತೆ. ಹಾಗಂತ ತೀರಾ ತೆಳ್ಳಗೆ ಬಿತ್ತಿದ್ರೂ ನಷ್ಟನೇ, ಭತ್ತದ ಹಾಗೆ ಇದು ತೆಂಡೆ (ಬುಡದಿಂದ ಹೊಸ ಕವಲು) ಒಡೆದು ಖಾಲಿ ಜಾಗ ತುಂಬ್ಕೊಳ್ಳಲ್ಲ.

ಇನ್ನೊಂದು ವಿಷಯ ಗೊತ್ತಿರ್ಲಿ, ಅಮೆರಿಕದಲ್ಲಿ 1930ರ ಸುಮಾರಿಗೆ ಎಕರೆಗೆ 12,000 ಗಿಡ ಇರ್ತಿತ್ತು, ಈಗ 32,000 ಆಸುಪಾಸು. ಇಳುವರಿ ಅಷ್ಟೊಂದು ಏರಿದ್ದು ಒಂದೊಂದು ತೆನೆ ದೊಡ್ಡದಾಗಿ ಅಲ್ಲ, ಒತ್ತಿನಲ್ಲೂ ತೆನೆ ಬಿಡೋ ತಳಿ ಬಂದಿದ್ರಿಂದ, ಜೊತೆಗೆ ಅಷ್ಟು ಗಿಡಕ್ಕೆ ಬೇಕಾದ ಸಾರಜನಕ ಕೊಟ್ಟಿದ್ರಿಂದ. ಅದಕ್ಕೇ ಹೇಳೋದು, ಅಂತರ ಬೇರೆ ಗೊಬ್ಬರ ಬೇರೆ ಅಂತ ಕೂತು ಲೆಕ್ಕ ಹಾಕ್ಬೇಡಿ, ಎರಡೂ ಒಟ್ಟಿಗೇ ತೀರ್ಮಾನ ಮಾಡ್ಬೇಕು.

ಈಗ ಡಿಎಪಿ ವಿಚಾರ. 50 ಕೆಜಿ ಚೀಲದಲ್ಲಿ ರಂಜಕ 23 ಕೆಜಿ, ಸಾರಜನಕ ಬರೀ 9 ಕೆಜಿ. ಒಂದು ಟನ್ ಕಾಳು ಬರೋಕೆ ಗಿಡ ಸುಮಾರು 20 ಕೆಜಿ ಮೇಲೆ ಸಾರಜನಕ ಎಳ್ಕೊಳ್ಳುತ್ತೆ, ಎಕರೆಗೆ 3 ಟನ್ ಆಸೆ ಇದ್ರೆ 60 ಕೆಜಿ ದಾಟುತ್ತೆ, ನಿಮ್ಮ ಎರಡು ಚೀಲದಿಂದ ಸಿಗೋದು 18. ಮಣ್ಣು, ಕೊಟ್ಟಿಗೆ ಗೊಬ್ಬರದಿಂದ ಒಂದಷ್ಟು ಬಂದ್ರೂ ಉಳಿದಿದ್ದನ್ನ ಯೂರಿಯಾದಲ್ಲೇ ಕೊಡ್ಬೇಕು, 100 ಕೆಜಿಲಿ 46 ಕೆಜಿ ಸಾರಜನಕ ಇರುತ್ತೆ. ಬಿತ್ತೋವಾಗಲೇ ಎಲ್ಲಾ ಸುರಿಬೇಡಿ, ಮಳೆ ಜೋರಾದ್ರೆ ಕೊಚ್ಕೊಂಡು ಹೋಗುತ್ತೆ. ಸ್ವಲ್ಪ ಬಿತ್ತನೆಗೆ, ದೊಡ್ಡ ಪಾಲು ಗಿಡ ಮೊಣಕಾಲುದ್ದ ಬಂದಾಗ, ಇನ್ನೊಂದಿಷ್ಟು ಸೂಲಂಗಿ ಬರೋಕೆ ಮುಂಚೆ. ಮೊಣಕಾಲುದ್ದದಿಂದ ಕೂದಲು ಬರೋವರೆಗೇ ಗಿಡಕ್ಕೆ ಹಸಿವು ಜಾಸ್ತಿ. ಯೂರಿಯಾನ ನೆಲದ ಮೇಲೆ ಹಾಗೇ ಚೆಲ್ಲಿ ಬಿಟ್ರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ಹಾಕಿದ ಕೂಡ್ಲೇ ಮಣ್ಣು ಏರಿಸಿ ಇಲ್ಲಾ ನೀರು ಕೊಡಿ. ಡಿಎಪಿ ಬೀಜಕ್ಕೆ ತಾಗದ ಹಾಗೆ ನಾಲ್ಕೈದು ಸೆಂ.ಮೀ. ಪಕ್ಕಕ್ಕೆ ಬೀಳ್ಬೇಕು.

ಗಿಡ ನೋಡಿದ್ರೂ ಗೊತ್ತಾಗುತ್ತೆ. ಕೆಳಗಿನ ಹಳೆ ಎಲೆ ತುದಿಯಿಂದ ನಡುನರದ ಗುಂಟ ಹಳದಿ ಆದ್ರೆ ಸಾರಜನಕ ಕಮ್ಮಿ, ಹಳೆ ಎಲೆಯ ಅಂಚು ಸುಟ್ಟ ಹಾಗಾದ್ರೆ ಪೊಟ್ಯಾಶ್, ಎಳೆ ಎಲೆಲಿ ನಡುನರದ ಎರಡೂ ಕಡೆ ಬಿಳಿ ಪಟ್ಟೆ ಬಂದ್ರೆ ಝಿಂಕ್. ರಂಜಕ ಮೊದಲೇ ಜಾಸ್ತಿ ಇರೋ ಮಣ್ಣಿಗೆ ಮತ್ತೆ ಮತ್ತೆ ಡಿಎಪಿ ಹಾಕಿದ್ರೆ ಈ ಝಿಂಕ್ ಕೊರತೆ ಇನ್ನೂ ಜಾಸ್ತಿ ಆಗುತ್ತೆ, ಹಾಗಾಗಿ ಮಣ್ಣು ಟೆಸ್ಟ್ ಮಾಡಿಸದೆ ಎರಡನೇ ಚೀಲ ದಯವಿಟ್ಟು ಹಾಕ್ಬೇಡಿ.

ಮೊಳಕೆ ಬಂದ್ಮೇಲೆ ಗಿಡ ಎಣಿಸಿ. ಸಾಲಿನ ಅಂತರ 60 ಇದ್ರೆ ಒಂದು ಸಾಲಲ್ಲಿ 6.75 ಮೀಟರ್ ಅಳತೆ ಹಾಕಿ, ಅಷ್ಟರಲ್ಲಿ ಎಷ್ಟು ಗಿಡ ಇದೆಯೋ ಅದನ್ನ ಸಾವಿರದಿಂದ ಗುಣಿಸಿದ್ರೆ ಎಕರೆ ಲೆಕ್ಕ ಸಿಗುತ್ತೆ, ಹೊಲದ ನಾಲ್ಕೈದು ಕಡೆ ನೋಡಿ. ಒತ್ತು ಬಿತ್ತನೆ ಮಾಡ್ಲೇಬೇಕು ಅನ್ನಿಸಿದ್ರೆ ಈ ಸಲ ಒಂದು ಮೂಲೆಲಿ ಮಾತ್ರ 60-15 ಹಾಕಿ, ಕಟಾವಿನಲ್ಲಿ ಎರಡೂ ಕಡೆ ಒಂದೇ ಅಳತೆಯ ಜಾಗದ ಕಾಳು ಒಣಗಿಸಿ ತೂಕ ಹಾಕಿ, ತೆನೆ ಸೈಜ್ ನೋಡಿ ತೀರ್ಮಾನ ಮಾಡ್ಬೇಡಿ.