‘ಮಾನ್ಯತೆ ಉಂಟಂತೆ ಮೇಡಂ’

(ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆಕೆ ಮೊದಲ ಸಲ ನನ್ನ ಹತ್ತಿರ ಸಲಹೆ ಕೇಳಲು ಬಂದಾಗ ಕೈಯಲ್ಲಿ ಎರಡು ಫೈಲುಗಳಿದ್ದವು. ಒಂದು ದಪ್ಪ, ಅಂಚು ಹರಿದದ್ದು. ಅದು ಅತ್ತೆಯ ಆಸ್ಪತ್ರೆ ಫೈಲು. ಇನ್ನೊಂದು ಹೊಸದು, ಹೊಳೆಯುವಂಥದ್ದು. ಮೆಡಿಕಲ್ ಟರ್ಮಿನಾಲಜಿಯ, ಅಂದರೆ ವೈದ್ಯಕೀಯ ಪದಗಳ, ದೂರಶಿಕ್ಷಣ ಡಿಪ್ಲೊಮಾದ್ದು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಆಚೆಯ ಊರು. ವಯಸ್ಸು ಮೂವತ್ತರ ಹತ್ತಿರ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ. ಗಂಡನಿಗೆ ಸಣ್ಣ ಅಡಿಕೆ ತೋಟ. ಒಂದು ಮಗು. ಅತ್ತೆಗೆ ವಾರಕ್ಕೆರಡು ಡಯಾಲಿಸಿಸ್. ಕುಂಬಳೆಗೆ ಬಂದು ಮಂಗಳೂರು ಬಸ್ಸು ಹತ್ತಬೇಕು. ತೊಕ್ಕೊಟ್ಟಿನಲ್ಲಿ ಇಳಿದು ದೇರಳಕಟ್ಟೆಗೆ ಹೋಗಬೇಕು. ಆರೇಳು ವರ್ಷದಿಂದ ಜೊತೆಗೆ ಹೋಗುವವರು ಇವರೇ.

ನಾನು ಹೊಸ ಫೈಲಿಗೆ ಕೈ ಚಾಚಿದೆ. ಆಕೆ ಹಳೆಯದನ್ನೇ ಮುಂದೆ ಇಟ್ಟರು. ಆ ಕತೆ ಮೊದಲು ಹೇಳಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

2020ರಲ್ಲಿ ಲಾಕ್‌ಡೌನ್ ಆಗಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ಎಷ್ಟೋ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆ ಕೈಗೆ ಸಿಗದೇ ಹೋಯಿತು. ಇವರ ಅತ್ತೆಗೂ ಹಾಗೇ ಆಯಿತು. ಗಡಿಯ ಈಚೆ, ಕೇರಳದ ಕಡೆಯ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿದರು. ಅಲ್ಲಿಯವರು ಮಲಯಾಳದಲ್ಲಿ ಕೇಳಿದರಂತೆ, ಫೈಲಿನಲ್ಲಿ ಏನು ಬರೆದಿದೆ ಓದಿ ಹೇಳಿ ಅಂತ. ಆಕೆಗೆ ಮಲಯಾಳ ಚೆನ್ನಾಗಿ ಬರುತ್ತದೆ. ತುಳು ಬರುತ್ತದೆ, ಕನ್ನಡ ಮನೆಮಾತು. ಓದಲು ಆಗದೇ ಹೋದದ್ದು ಆ ಒಂದು ಹಾಳೆ. ‘ಅಕ್ಷರ ಕಾಣ್ತಾ ಇತ್ತು ಮೇಡಂ, ಬಾಯಿಗೆ ಬರ್ಲಿಲ್ಲ. ಅತ್ತೆ ನನ್ನ ಮುಖವೇ ನೋಡ್ತಾ ಇದ್ರು.’ ಇದನ್ನು ಹೇಳುವಾಗ ಅತ್ತುಬಿಟ್ಟರು. ಆಮೇಲೆ ಬೇರೆ ಕಡೆ ವ್ಯವಸ್ಥೆ ಆಯಿತು, ಅತ್ತೆ ಉಳಿದರು. ಆದರೆ ಆ ಫೋನ್ ಕರೆ ಇವರ ಮನಸ್ಸಿನಿಂದ ಹೋಗಿಲ್ಲ.

ಈಗ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. ಮನೆಯಲ್ಲೇ ಕುಳಿತು ಆರು ತಿಂಗಳಲ್ಲಿ ವೈದ್ಯಕೀಯ ಪದಗಳ ಡಿಪ್ಲೊಮಾ, ಅಂತಾರಾಷ್ಟ್ರೀಯ ಮಾನ್ಯತೆ, ಆಸ್ಪತ್ರೆಯಲ್ಲಿ ಕೆಲಸ. ಒಂದು ಬಳೆ ಅಡವಿಟ್ಟು ಮೊದಲ ಕಂತು 6,000 ರೂಪಾಯಿ ಕಟ್ಟಿದ್ದರು. ಗಂಡನಿಗೆ ಹೇಳಿರಲಿಲ್ಲ. ಎರಡನೇ ಕಂತಿಗೆ ದಿನಾ ಫೋನ್ ಬರುತ್ತಿತ್ತು. ಪಾಠದ ಪಿಡಿಎಫ್ ತೆರೆದರೆ ಎದೆ ಡವಡವ. ‘ನನ್ನದು ಕನ್ನಡ ಮೀಡಿಯಂ ಅಲ್ವಾ, ನಂಗೆ ಆಗ್ಲಿಕ್ಕಿಲ್ಲ’ ಅನ್ನುವುದು ಅವರ ತೀರ್ಮಾನ.

ನಾನು ಆ ತೀರ್ಮಾನದಿಂದಲೇ ಶುರು ಮಾಡಿದೆ. ದುಡ್ಡಿನ ಮಾತು ಆಮೇಲೆ.

ಅತ್ತೆಯ ಫೈಲಿನಲ್ಲಿ ಯಾವ ಪದ ಜಾಸ್ತಿ ಗೊಂದಲ ಮಾಡುತ್ತದೆ ಅಂತ ಕೇಳಿದೆ. ವಿಭಾಗದ ಹೆಸರು ನೆಫ್ರಾಲಜಿ, ರಿಪೋರ್ಟಿನಲ್ಲಿ ಮಾತ್ರ ರೀನಲ್ ಅಂತ ಇದೆ. ಎರಡು ಬೇರೆ ಬೇರೆ ಕಾಯಿಲೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದರು. ನಾನು ಹೇಳಿದೆ: ಗ್ರೀಕ್‌ನಲ್ಲಿ ಕಿಡ್ನಿಗೆ ನೆಫ್ರೋಸ್, ಲ್ಯಾಟಿನ್‌ನಲ್ಲಿ ರೆನ್. ಎರಡೂ ಒಂದೇ. ನಾವು ಮನೆಯಲ್ಲಿ ಕಣ್ಣು ಅನ್ನುತ್ತೇವೆ, ಆಸ್ಪತ್ರೆಯ ಬೋರ್ಡಿನಲ್ಲಿ ನೇತ್ರ ಅಂತ ಬರೆಯುತ್ತೇವೆ. ನೀರು ಅನ್ನುತ್ತೇವೆ, ಜಲ ಅಂತಲೂ ಬರೆಯುತ್ತೇವೆ. ಹಾಗೇ ಇದು. ಆಕೆ ಒಂದು ನಿಮಿಷ ಸುಮ್ಮನಿದ್ದು, ‘ಹಾಗಾದ್ರೆ ಇದು ಇಂಗ್ಲಿಷೇ ಅಲ್ಲ’ ಅಂದರು.

ಹೌದು, ಹೆಚ್ಚಿನವು ಇಂಗ್ಲಿಷ್ ಅಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಹುಡುಗಿಗೂ ಮೊದಲ ದಿನ ಅವು ಅಷ್ಟೇ ಹೊಸತು. ಈ ಒಂದು ಮಾತನ್ನು ನಮ್ಮ ಗಡಿನಾಡಿನ ಪ್ರತಿ ಕನ್ನಡ ಶಾಲೆಯ ಮಕ್ಕಳಿಗೆ ಹೇಳಬೇಕು ಅಂತ ನನಗೆ ಅನಿಸುತ್ತದೆ. ಪದಕ್ಕೆ ಬಾಲ ಅಂಟಿಸಿ ಅರ್ಥ ಬದಲಿಸುವುದು ನಮಗೆ ಹುಟ್ಟಿನಿಂದಲೇ ಗೊತ್ತು. ಸಾಲ, ಸಾಲಗಾರ. ಹಾಡು, ಹಾಡುಗಾರ. ಅಲ್ಲಿ ಬಾಲಗಳು ಬೇರೆ, ಅಷ್ಟೇ. ಐಟಿಸ್ ಅಂದರೆ ಉರಿಯೂತ. ಎಕ್ಟಮಿ ಅಂದರೆ ಕೊಯ್ದು ತೆಗೆಯುವುದು. ಆಸ್ಟಮಿ ಅಂದರೆ ದಾರಿ ಮಾಡಿಕೊಡುವುದು. ನೆಫ್ರೈಟಿಸ್, ಕಿಡ್ನಿಯ ಉರಿಯೂತ. ನೆಫ್ರೆಕ್ಟಮಿ, ಕಿಡ್ನಿ ತೆಗೆಯುವುದು. ನೆಫ್ರಾಸ್ಟಮಿ, ಕಿಡ್ನಿಯಿಂದ ಮೂತ್ರ ಹೊರಬರಲು ದಾರಿ ಮಾಡುವುದು. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಏನಾದೀತು ಅಂತ ಆಕೆಗೆ ನಾನು ವಿವರಿಸಬೇಕಾಗಲಿಲ್ಲ.

ಆಮೇಲೆ ಹೊಸ ಫೈಲು ತೆಗೆದೆವು.

‘ಮಾನ್ಯತೆ ಉಂಟಂತೆ ಮೇಡಂ.’ ಯಾರ ಮಾನ್ಯತೆ? ಯಾವುದಕ್ಕೆ? ಈ ಎರಡು ಪ್ರಶ್ನೆ ಕೇಳದೆ ಒಂದು ರೂಪಾಯಿಯೂ ಕಟ್ಟಬಾರದು. ಅವರ ಫೈಲಿನಲ್ಲಿ ಐಎಸ್ಒ 9001 ಮುದ್ರೆ ಇತ್ತು, ಸೊಸೈಟಿ ನೋಂದಣಿಯ ಪ್ರತಿ ಇತ್ತು. ಐಎಸ್ಒ 9001 ಹೇಳುವುದು ಸಂಸ್ಥೆಯ ಆಡಳಿತ ಕ್ರಮದ ಬಗ್ಗೆ. ಸೊಸೈಟಿ ನೋಂದಣಿ ಹೇಳುವುದು ಆ ಸಂಘ ಇದೆ ಅಂತ ಮಾತ್ರ. ಕೋರ್ಸಿಗೆ ಎರಡೂ ಮಾನ್ಯತೆ ಅಲ್ಲ.

ಎಲ್ಲಿ ನೋಡಬೇಕು ಅಂತ ಜೊತೆಗೆ ಕುಳಿತು ಹುಡುಕಿದೆವು. ವಿಶ್ವವಿದ್ಯಾಲಯದ ದೂರಶಿಕ್ಷಣವಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರೂ ಇರಬೇಕು. ಇನ್ನೊಂದು ಮಾತು. ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಆಸ್ಪತ್ರೆ ದಾಖಲೆ, ಆರೋಗ್ಯ ಮಾಹಿತಿ ನಿರ್ವಹಣೆಯ ವೃತ್ತಿಯೂ ಅದರ ಪಟ್ಟಿಯಲ್ಲಿದೆ. ಆ ಕಾಯ್ದೆಯಡಿ ಬರುವ ಕೋರ್ಸುಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲಿ ಕೊಡಬಾರದು ಅಂತ ಯುಜಿಸಿ ಹೇಳಿದೆ. ಹಾಗಾಗಿ ಮನೆಯಲ್ಲೇ ಕುಳಿತು ಮೆಡಿಕಲ್ ರೆಕಾರ್ಡ್ಸ್ ಡಿಗ್ರಿ ಮಾಡಿ ಅಂತ ಯಾರಾದರೂ ಕರೆದರೆ ಹೆಜ್ಜೆ ಹಿಂದೆ ಇಡಿ. ಕೌಶಲದ ಸರ್ಟಿಫಿಕೇಟಾದರೆ, ವೃತ್ತಿ ತರಬೇತಿಯನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎನ್‌ಸಿವಿಇಟಿಯ ರಾಷ್ಟ್ರೀಯ ಅರ್ಹತಾ ರಿಜಿಸ್ಟರಿನಲ್ಲಿ ಹುಡುಕಬೇಕು.

ಇವರ ಫೈಲಿನಲ್ಲಿ ‘ಯುಕೆ ಲೆವೆಲ್ 3’ ಅಂತ ಬರೆದಿತ್ತು. ಬ್ರಿಟನ್‌ನಲ್ಲಿ ಮೆಡಿಕಲ್ ಟರ್ಮಿನಾಲಜಿಗೇ ಪ್ರತ್ಯೇಕ ಅರ್ಹತೆ ಇರುವುದು ನಿಜ. ಅಲ್ಲಿಯ ಆಸ್ಪತ್ರೆ, ಕ್ಲಿನಿಕ್‌ಗಳ ಕಚೇರಿ ಕೆಲಸದವರು ಅದನ್ನು ಓದುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಅರ್ಹತೆಗಳನ್ನು ನೋಡಿಕೊಳ್ಳುವ ಆಫ್‌ಕ್ವಾಲ್‌ನ ರಿಜಿಸ್ಟರ್ ಎಲ್ಲರಿಗೂ ತೆರೆದಿದೆ. ಹೆಸರು ಹಾಕಿ ಹುಡುಕಿದೆವು. ಇವರ ಕೋರ್ಸು ಸಿಗಲಿಲ್ಲ. ಸಿಕ್ಕಿದ್ದರೂ ಮಂಗಳೂರಿನ ಆಸ್ಪತ್ರೆ ಅದನ್ನು ಕೇಳುತ್ತದೆಯೇ ಅನ್ನುವುದು ಇನ್ನೊಂದೇ ಪ್ರಶ್ನೆ.

ನಾನು ಹೇಳಿದ್ದು ಇಷ್ಟು. ಎರಡನೇ ಕಂತು ಕಟ್ಟಬೇಡಿ. ಅರ್ಹತೆಯ ನೋಂದಣಿ ನಂಬರ್ ಕೊಡಿ ಅಂತ ಇಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಬೇಡ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕಟ್ಟಿದ 6,000 ವಾಪಸ್ ಬರುತ್ತದೆ ಅಂತ ನಾನು ಭರವಸೆ ಕೊಡಲಿಲ್ಲ. ಗಂಡನಿಗೆ ಇವತ್ತೇ ಹೇಳಿ ಅಂದೆ. ಹೆದರಿದರು. ‘ಮೋಸ ಹೋದೆ ಅಂತ ಹೇಳಬೇಡಿ, ಯಾಕೆ ಕಲಿಯಲು ಹೊರಟೆ ಅಂತ ಹೇಳಿ, ಆ ಫೋನಿನ ಕತೆಯಿಂದ ಶುರು ಮಾಡಿ’ ಅಂದೆ. ಎರಡು ದಿನ ಗಂಡ ಮಾತಾಡಲಿಲ್ಲವಂತೆ. ಅಡಿಕೆ ಮಾರಿದ ಮೇಲೆ ಬಳೆ ಬಿಡಿಸಿ ತಂದುಕೊಟ್ಟರಂತೆ.

ಮುಂದೇನು? ಮೆಡಿಕಲ್ ಕೋಡಿಂಗ್ ಮಾಡಲೇ ಅಂತ ಕೇಳಿದರು. ಕಾಯಿಲೆ, ಚಿಕಿತ್ಸೆಗಳನ್ನು ಬಿಲ್ಲು, ವಿಮೆಗಾಗಿ ಸಂಕೇತಗಳಲ್ಲಿ ಬರೆಯುವ ಕೆಲಸ ಅದು. ಅಮೆರಿಕದ ಎಎಪಿಸಿ ಸಂಸ್ಥೆ ನಡೆಸುವ ಸಿಪಿಸಿ ಅನ್ನುವ ಕೋಡಿಂಗ್ ಪರೀಕ್ಷೆಗೆ ಕಂಪನಿಗಳಲ್ಲಿ ಬೆಲೆ ಇದೆ. 100 ಪ್ರಶ್ನೆ, 4 ಗಂಟೆ, ಪಾಸಾಗಲು ಶೇ. 70. ಪದಗಳು, ಶರೀರ ರಚನೆ ಗಟ್ಟಿಯಿಲ್ಲದೆ ಅದಕ್ಕೆ ಕೈ ಹಾಕುವುದು ಬೇಡ. ಎಷ್ಟೋ ಕೋಡಿಂಗ್ ಕಂಪನಿಗಳು ವಿಜ್ಞಾನ ಓದಿದವರನ್ನೇ ಮೊದಲು ಕರೆಯುತ್ತವೆ. ಇದನ್ನು ಮುಚ್ಚಿಡದೆ ಹೇಳಿದೆ.

ಆದರೆ ಇವರ ಕೈಯಲ್ಲಿ ಬಿಕಾಂ ಇದೆ. ಕನ್ನಡ, ತುಳು, ಮಲಯಾಳ ಇದೆ. ಗಡಿ ದಾಟಿ ಬರುವ ರೋಗಿಗಳಿಂದ ತುಂಬುವ ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳ ಬಿಲ್ಲಿಂಗ್, ವಿಮೆ ಕೌಂಟರಿನಲ್ಲಿ ಬೇಕಾಗುವುದು ಇದೇ. ಅಲ್ಲಿ ಡಿಸ್ಚಾರ್ಜ್ ಸಮ್ಮರಿ ಓದಿ ವಿಮೆಯವರಿಗೆ ವಿವರ ಕಳಿಸಬೇಕು. ಟರ್ಮಿನಾಲಜಿ ಒಂದೇ ಕೆಲಸ ಕೊಡಿಸುವುದು ಕಷ್ಟ. ಇವರ ಲೆಕ್ಕಪತ್ರ, ಭಾಷೆಗಳ ಜೊತೆ ಸೇರಿದರೆ ಅದಕ್ಕೆ ಬಲ ಬರುತ್ತದೆ. ಹೋಗುವ ಆಸ್ಪತ್ರೆಯಲ್ಲೇ, ಈ ಕೌಂಟರಿಗೆ ಯಾವ ಸರ್ಟಿಫಿಕೇಟ್ ಕೇಳುತ್ತೀರಿ ಅಂತ ವಿಚಾರಿಸಿ ಅಂದೆ. ಹೇಗೂ ವಾರಕ್ಕೆರಡು ಸಲ ಅಲ್ಲೇ ನಾಲ್ಕು ಗಂಟೆ ಕೂರುತ್ತಾರಲ್ಲ. ವಿಚಾರಿಸಿದರು. ಕಂಪ್ಯೂಟರ್ ಬರಬೇಕು, ಪದಗಳು ಗೊತ್ತಿರಬೇಕು, ಕೌಶಲ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು ಅಂದರಂತೆ.

ಆ ನಾಲ್ಕು ಗಂಟೆಯೇ ಈಗ ಅವರ ಓದಿನ ಸಮಯ. ಪುಸ್ತಕದಲ್ಲಿ ಮೂರು ಸಾಲು: ಪದ, ಅದರ ತುಂಡುಗಳು, ಕನ್ನಡದಲ್ಲಿ ಅರ್ಥ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಬೇಡ ಅಂದಿದ್ದೇನೆ. ದೂರದಿಂದ ಕಲಿಯುವವರಿಗೆ ಉಚ್ಚಾರ ತಿದ್ದುವವರು ಇರುವುದಿಲ್ಲ. ಬರೆದ ಹಾಗೆ ಓದುವುದು ನಮ್ಮ ಅಭ್ಯಾಸ. ನ್ಯುಮೋನಿಯಾಕ್ಕೆ ಮೊದಲಲ್ಲಿ ಒಂದು ‘ಪಿ’ ಇದೆ, ಅದು ಕೇಳಿಸುವುದಿಲ್ಲ. ಹೈಪರ್ ಅಂದರೆ ಜಾಸ್ತಿ, ಹೈಪೋ ಅಂದರೆ ಕಡಿಮೆ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸೀತು. ಅದಕ್ಕೆ ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಾರೆ. ಪಕ್ಕದಲ್ಲಿ ಮಲಗಿದ ಅತ್ತೆಯೂ ಕೇಳುತ್ತಾರೆ.

ಸಂಸ್ಥೆಯಿಂದ ಉತ್ತರ ಬಂದಿಲ್ಲ. 1915ಕ್ಕೆ ದೂರು ಹೋಗಿದೆ.

ಮೊನ್ನೆ ಪುಸ್ತಕದ ಒಂದು ಪುಟದ ಫೋಟೋ ಕಳಿಸಿದ್ದರು. ಇಲಿಯಮ್ ಅಂತ ಎರಡು ಸಲ ಬರೆದಿತ್ತು. ಒಂದರ ಮುಂದೆ ಸಣ್ಣ ಕರುಳಿನ ಕೊನೆಯ ಭಾಗ, ಇನ್ನೊಂದರ ಮುಂದೆ ಸೊಂಟದ ಎಲುಬು. ಇಂಗ್ಲಿಷಿನಲ್ಲಿ ಕರುಳಿನದ್ದಕ್ಕೆ ನಡುವೆ ‘ಇ’, ಎಲುಬಿನದ್ದಕ್ಕೆ ‘ಐ’. ಒಂದೇ ಅಕ್ಷರದ ವ್ಯತ್ಯಾಸ. ‘ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ ಆಗ್ತದಲ್ಲ ಮೇಡಂ, ಏನು ಮಾಡುದು?’ ಅಂತ ಕೇಳಿದ್ದರು. ಮೊದಲ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಉಳಿದೆರಡು ಕನ್ನಡದಲ್ಲೇ ಇರಲಿ ಅಂತ ಉತ್ತರಿಸಿದ್ದೇನೆ.