ಕುರ್ಚಿಯಲ್ಲಿ ಕುಳಿತವರ ಕೆಲಸ

ಓದುಗರ ಪತ್ರ: ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ತಾಯಿಯನ್ನು ನೋಡಿಕೊಳ್ಳಲು ಏಜೆನ್ಸಿಯ ಮೂಲಕ ಒಬ್ಬರನ್ನು ಮನೆಯಲ್ಲೇ ಇರಿಸಿಕೊಂಡಿದ್ದೇವೆ. ಊಟ ಮಾಡಿಸಿ, ಬಟ್ಟೆ ಬದಲಿಸಿದರೆ ಮುಗಿಯಿತು. ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಈಗ ವಾರಕ್ಕೊಂದು ರಜೆಯನ್ನೂ ಕೇಳುತ್ತಿದ್ದಾರೆ. ಇದು ನ್ಯಾಯವೇ?
– ಓದುಗರು, ಮೈಸೂರು

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ತಾಯಿಯವರ ಬೆನ್ನಿನಲ್ಲಿ ಹುಣ್ಣಾಗಿದೆಯೇ? ಪತ್ರದಲ್ಲಿ ಆ ಮಾತಿಲ್ಲ, ಆಗಿಲ್ಲವೆಂದೇ ತಿಳಿಯುತ್ತೇನೆ. ಎದ್ದು ಕೂರಲಾಗದವರ ಮೈ ಹುಣ್ಣಾಗದೆ ಉಳಿದಿದ್ದರೆ, ಯಾರೋ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುತ್ತಿದ್ದಾರೆ ಎಂದರ್ಥ. ಎಳೆದರೆ ಚರ್ಮ ಉಜ್ಜಿ ಕಿತ್ತುಬರುತ್ತದೆ, ಆದ್ದರಿಂದ ಮೈಕೆಳಗೆ ಹಾಸಿದ ಬಟ್ಟೆಯನ್ನು ಹಿಡಿದು ಹೊರಳಿಸಬೇಕು. ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಇನ್ನೊಂದು ಆಸರೆ. ಸೊಂಟದ ಕೆಳಗೆ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದರೂ ಕೆಂಪು ತಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ. ಆ ಭಾಗದ ಮೇಲೆ ಮತ್ತೆ ಭಾರ ಬೀಳಕೂಡದು.

ಊಟದ ವಿಷಯವೂ ಅಷ್ಟು ಸಲೀಸಲ್ಲ. ಪಾರ್ಶ್ವವಾಯುವಾದವರಿಗೆ ಎಷ್ಟೋ ವೇಳೆ ನುಂಗುವುದೇ ಕಷ್ಟ. ಬೆನ್ನಿಗೆ ಒರಗು ಕೊಟ್ಟು ನೆಟ್ಟಗೆ ಕೂರಿಸಿ, ಒಂದು ತುತ್ತು ಇಳಿಯಿತೆಂದು ಖಾತ್ರಿಯಾದ ಮೇಲೆಯೇ ಇನ್ನೊಂದು ಚಮಚ ಕೊಡಬೇಕು. ಸ್ವಾಧೀನವಿಲ್ಲದ ಕಡೆಯ ಕೆನ್ನೆಯೊಳಗೆ ಅನ್ನದ ಅಗುಳು ಉಳಿದಿದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ, ನೋಡಿ ತೆಗೆಯಬೇಕು. ಇಲ್ಲದಿದ್ದರೆ ಅದು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆದೀತು. ಉಂಡ ಮೇಲೂ ಅರ್ಧ ಗಂಟೆ ಮಲಗಿಸುವಂತಿಲ್ಲ. ಆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು, ಕೆಮ್ಮು ಬಂದರೆ, ಉಸಿರು ಗೊರಗುಟ್ಟಿದರೆ ಗಮನಿಸುವವರು ಬೇಕು. ನೀವು ಕಂಡ ಕುರ್ಚಿಯ ಕೆಲಸಗಳಲ್ಲಿ ಇದೂ ಒಂದು.

ರಾತ್ರಿಯೂ ಮಂಚದ ಪಕ್ಕದಲ್ಲೇ ಮಲಗಿ, ಡೈಪರ್ ಬದಲಿಸಲು, ನರಳಿದರೆ ನೋಡಲು ಏಳುವವರು ಯಾವಾಗ ಸರಿಯಾಗಿ ನಿದ್ದೆ ಮಾಡಬೇಕು? ಮನೆಗೆಲಸದವರಿಗೆ ವಾರಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿ ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಒಪ್ಪಂದ ಹೇಳುತ್ತದೆ. ಮನೆಯಲ್ಲಿದ್ದು ರೋಗಿಗಳನ್ನು ನೋಡಿಕೊಳ್ಳುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ, ನನಗೆ ಅದು ದೊಡ್ಡ ಲೋಪವಾಗಿಯೇ ಕಾಣುತ್ತದೆ. ಆದರೆ ನಿಮ್ಮ ಮನೆಯಲ್ಲಿ ರಜೆ ಕೊಡಲು ಸರ್ಕಾರದ ಸಹಿ ಬೇಕಿಲ್ಲ. ಏಜೆನ್ಸಿಗೆ ನೀವು ಕಟ್ಟುವ ಹಣದಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆ ಎಂಬುದನ್ನೂ ದಯವಿಟ್ಟು ವಿಚಾರಿಸಿ.

ರಜೆಯ ಹಿಂದಿನ ದಿನ ಅವರ ಜೊತೆ ನಿಂತು ಮಗ್ಗುಲು ಬದಲಿಸುವುದನ್ನು ಕಲಿತುಕೊಳ್ಳಿ. ಒಬ್ಬರೇ ಎತ್ತಲು ಹೋಗಬೇಡಿ, ಸೊಂಟ ಹಿಡಿದುಕೊಂಡೀತು. ಮನೆಯವರಲ್ಲಿ ಇನ್ನೊಬ್ಬರನ್ನು ಕರೆದುಕೊಳ್ಳಿ.

– ಸಂ.